11 ಲಕ್ಷ ಸಾಲ ಮಾಡಿ ಎಂಬಿಎ ಮಾಡಬೇಕಾ? ಲೆಕ್ಕ ಕೂಡುತ್ತಿಲ್ಲ, ಸಲಹೆ ಕೊಡಿ

ತುಂಗಾತೀರ

ಎಲ್ಲರಿಗೂ ನಮಸ್ಕಾರ. ನಾನು ಶಿವಮೊಗ್ಗ ಜಿಲ್ಲೆಯವನು, ಬಿ.ಕಾಂ. ಓದಿದ್ದೇನೆ. ಈಗ ಬೆಂಗಳೂರಲ್ಲಿ ಒಂದು ಕಂಪನಿಯ ಅಕೌಂಟ್ಸ್ ವಿಭಾಗದಲ್ಲಿ ಕೆಲಸ. ಕೈಗೆ 28 ಸಾವಿರ ಬರುತ್ತದೆ.

ಬೆಂಗಳೂರಿನ ಒಂದು ಖಾಸಗಿ ಕಾಲೇಜಲ್ಲಿ ಎಂಬಿಎ ಸೀಟು ಸಿಕ್ಕಿದೆ. ಎರಡು ವರ್ಷಕ್ಕೆ ಫೀಸ್ 11 ಲಕ್ಷ. ಹಾಸ್ಟೆಲ್ ಬೇರೆ. ಅವರ ಪುಸ್ತಿಕೆಯಲ್ಲಿ ಸರಾಸರಿ ಪ್ಯಾಕೇಜ್ 8.2 ಲಕ್ಷ, ಅತಿ ಹೆಚ್ಚು 21 ಲಕ್ಷ ಅಂತ ಇದೆ. ಪಿಜಿಸಿಇಟಿ (ರಾಜ್ಯದ ಪ್ರವೇಶ ಪರೀಕ್ಷೆ) ಕೂಡ ಬರೆದಿದ್ದೆ. ರ‍್ಯಾಂಕ್ ಪರವಾಗಿಲ್ಲ, ಒಂದು ಸರ್ಕಾರಿ ವಿಶ್ವವಿದ್ಯಾಲಯದ ವಿಭಾಗದಲ್ಲಿ ಸೀಟು ಸಿಗಬಹುದು. ಅಲ್ಲಿ ಫೀಸ್ ತುಂಬಾ ಕಡಿಮೆ, ಆದರೆ ಪ್ಲೇಸ್‌ಮೆಂಟ್ ಅಷ್ಟಕ್ಕಷ್ಟೆ ಅಂತಾರೆ.

ಸಮಸ್ಯೆ ಸಾಲದ್ದು. ಅಪ್ಪನಿಗೆ ಎರಡು ಎಕರೆ ಅಡಿಕೆ ತೋಟ ಇದೆ. ಅದನ್ನು ಅಡಮಾನ ಇಡುತ್ತೇವೆ ಅಂದರೆ ಬ್ಯಾಂಕಿನವರು ಬೇಡ ಅಂದರು. ಒಂದು ಫೈನಾನ್ಸ್ ಕಂಪನಿ ಶೇ. 13 ಬಡ್ಡಿಗೆ ಅಡಮಾನ ಇಲ್ಲದೆ ಕೊಡುತ್ತೇನೆ ಅನ್ನುತ್ತಿದೆ. ಅಪ್ಪ "ನೀನು ಓದು, ನಾನು ನೋಡ್ಕೋತೀನಿ" ಅಂತಾರೆ. ಅದೇ ನನಗೆ ಭಯ.

8.2 ಲಕ್ಷ ಸಂಬಳ ಬಂದರೆ 11 ಲಕ್ಷ ಸಾಲ ಎರಡು ವರ್ಷದಲ್ಲಿ ತೀರುತ್ತದೆ ಅಂತ ಕಾಲೇಜಿನ ಕೌನ್ಸೆಲರ್ ಹೇಳಿದರು. ಇದು ನಿಜಾನಾ?

ಲೆಕ್ಕದಪುಟ

ಇಲ್ಲ. ಎರಡು ವರ್ಷದಲ್ಲಿ ತೀರಬೇಕಾದರೆ ನೀವು ಊಟ, ಬಾಡಿಗೆ ಎರಡೂ ಬಿಡಬೇಕು.

ಕೂತು ಲೆಕ್ಕ ಹಾಕೋಣ. ಬ್ಯಾಂಕ್ ಶೇ. 10ಕ್ಕೆ ಕೊಟ್ಟಿತು ಅಂದುಕೊಳ್ಳಿ. ಮೊದಲ ವರ್ಷ 5.5 ಲಕ್ಷ, ಎರಡನೇ ವರ್ಷ 5.5 ಲಕ್ಷ ಬಿಡುಗಡೆ. ಓದುವ ಎರಡು ವರ್ಷ, ಮುಗಿದ ಮೇಲೆ ಇನ್ನೊಂದು ವರ್ಷ ಕಂತು ಕಟ್ಟಬೇಕಿಲ್ಲ. ಆದರೆ ಬಡ್ಡಿ ನಿಲ್ಲುವುದಿಲ್ಲ. ಸರಳ ಬಡ್ಡಿಯಲ್ಲೇ ಮೊದಲ ವರ್ಷ ಬಿಡುಗಡೆಯಾದ ಹಣಕ್ಕೆ ಮೂರು ವರ್ಷಕ್ಕೆ 1.65 ಲಕ್ಷ, ಎರಡನೇ ವರ್ಷದ್ದಕ್ಕೆ ಎರಡು ವರ್ಷಕ್ಕೆ 1.10 ಲಕ್ಷ. ಕಂತು ಶುರುವಾಗುವ ದಿನ ನಿಮ್ಮ ಸಾಲ 11 ಅಲ್ಲ, 13.75 ಲಕ್ಷ. ಹತ್ತು ವರ್ಷದ ಅವಧಿಗೆ ತಿಂಗಳ ಕಂತು ಸುಮಾರು 18,170 ರೂಪಾಯಿ. ಒಟ್ಟು ಕಟ್ಟುವುದು 21.8 ಲಕ್ಷ.

ಅದೇ ಶೇ. 13 ಆದರೆ ಕಂತು ಶುರುವಾಗುವ ಹೊತ್ತಿಗೆ 14.57 ಲಕ್ಷ. ತಿಂಗಳಿಗೆ ಸುಮಾರು 21,760. ಒಟ್ಟು 26 ಲಕ್ಷದ ಮೇಲೆ. ಇದು ಹಾಸ್ಟೆಲ್ ಖರ್ಚು ಸೇರಿಸದ ಲೆಕ್ಕ.

ಕಾವೇರಿ_ಎಚ್‌ಆರ್

ನಾನು ನೇಮಕಾತಿ ವಿಭಾಗದಲ್ಲಿದ್ದೇನೆ. ಎಂಬಿಎ ಕ್ಯಾಂಪಸ್‌ಗಳಿಗೆ ಹೋಗುತ್ತಿರುತ್ತೇನೆ. ಪ್ಯಾಕೇಜ್ ಅಂದರೆ ಸಂಬಳ ಅಲ್ಲ, ಇದನ್ನು ಮೊದಲು ತಿಳಿದುಕೊಳ್ಳಿ.

8 ಲಕ್ಷದ ಸಿಟಿಸಿಯಲ್ಲಿ (ಕಂಪನಿ ನಿಮಗಾಗಿ ವರ್ಷಕ್ಕೆ ಮಾಡುವ ಒಟ್ಟು ಖರ್ಚು) ಲಕ್ಷದಷ್ಟು ವೇರಿಯಬಲ್ ಇರಬಹುದು. ಅದು ಟಾರ್ಗೆಟ್ ಮುಟ್ಟಿದರೆ ಮಾತ್ರ. ಕಂಪನಿ ಕಟ್ಟುವ ಪಿಎಫ್ ಪಾಲು, ಗ್ರಾಚ್ಯುಯಿಟಿ, ವಿಮೆ ಎಲ್ಲ ಅದರೊಳಗೇ. ಆಮೇಲೆ ನಿಮ್ಮ ಪಾಲಿನ ಪಿಎಫ್ ಕಡಿತ, ತಿಂಗಳಿಗೆ 200 ರೂಪಾಯಿಯಷ್ಟು ವೃತ್ತಿ ತೆರಿಗೆ. ಕೊನೆಗೆ ಕೈಗೆ ಬರುವುದು 50 ಸಾವಿರದ ಆಸುಪಾಸು. ಕೆಲವು ಕಡೆ ಮೊದಲ ವರ್ಷಕ್ಕೆ ಮಾತ್ರ ಸಿಗುವ ಜಾಯಿನಿಂಗ್ ಬೋನಸ್ ಕೂಡ ಅದೇ ಅಂಕಿಯಲ್ಲಿ ಸೇರಿರುತ್ತದೆ. ಎರಡನೇ ವರ್ಷ ಅದು ಮಾಯ.

ಇನ್ನು "ಸರಾಸರಿ". ಹತ್ತು ಹುಡುಗರ ಬ್ಯಾಚ್ ಅಂದುಕೊಳ್ಳಿ. ಎಂಟು ಜನಕ್ಕೆ 6 ಲಕ್ಷ, ಒಬ್ಬನಿಗೆ 13, ಒಬ್ಬನಿಗೆ 21. ಸರಾಸರಿ ಎಷ್ಟು ಬಂತು? ಸರಿಯಾಗಿ 8.2 ಲಕ್ಷ. ಪುಸ್ತಿಕೆಯಲ್ಲಿ ಸುಳ್ಳೇನೂ ಇಲ್ಲ. ಆದರೆ ಹತ್ತರಲ್ಲಿ ಎಂಟು ಜನಕ್ಕೆ ಅಷ್ಟು ಸಿಕ್ಕಿಲ್ಲ. ಕಾಲೇಜಿಗೆ ಫೋನ್ ಮಾಡಿ ಮೀಡಿಯನ್ ಎಷ್ಟು ಅಂತ ಕೇಳಿ. ಸಾಲಾಗಿ ನಿಲ್ಲಿಸಿದರೆ ನಡುವೆ ಇರುವವನ ಸಂಬಳ ಅದು. ನಿಮಗೆ ಬೇಕಾದ ಅಂಕಿ ಅದೇ.

ಸುಮ್ನೆ_ಓದುಗ

6 ಲಕ್ಷ ಸಿಟಿಸಿ ಅಂದರೆ ಕೈಗೆ ಎಷ್ಟು ಮೇಡಂ?

ಕಾವೇರಿ_ಎಚ್‌ಆರ್

ಕಂಪನಿ ಮೇಲೆ ಹೋಗುತ್ತದೆ. 36ರಿಂದ 40 ಸಾವಿರ ಅಂತ ಇಟ್ಟುಕೊಳ್ಳಿ.

ಲೆಕ್ಕದಪುಟ

ಹಾಗಾದರೆ ನೋಡಿ. 38 ಸಾವಿರದಲ್ಲಿ 18 ಸಾವಿರ ಕಂತಿಗೆ ಹೋದರೆ ಉಳಿಯುವುದು 20. ಈಗ ಅವರಿಗೆ ಬರುತ್ತಿರುವುದು 28. ಅದೂ ಸಾಲ ಇಲ್ಲದೆ. ಈಗಿನ ಕೆಲಸದಲ್ಲೇ ಇದ್ದು ವರ್ಷಕ್ಕೆ ಶೇ. 10 ಏರಿಕೆ ಸಿಕ್ಕರೂ ಮೂರು ವರ್ಷಕ್ಕೆ 37 ಸಾವಿರ ದಾಟುತ್ತದೆ.

ಬಿಟ್ಟ ಸಂಬಳವೂ ಖರ್ಚೇ, ಅಲ್ವಾ? ಎರಡು ವರ್ಷಕ್ಕೆ ಸುಮಾರು 7 ಲಕ್ಷ. ಇದನ್ನು ಯಾರೂ ಫೀಸ್ ಪಟ್ಟಿಯಲ್ಲಿ ಬರೆಯುವುದಿಲ್ಲ.

ಮಲ್ಲೇಶ್ವರಂ_ಮಾತು

ಇದಕ್ಕೇ ನಾನು ಹೇಳುವುದು, ಎಂಬಿಎ ಅನ್ನುವುದೇ ದಂಡ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು. ಸಿಎ ಮಾಡಿ, ಇಲ್ಲ ಸಿಎಂಎ (ಕಾಸ್ಟ್ ಅಕೌಂಟೆನ್ಸಿ) ಮಾಡಿ. ಫೀಸೂ ಕಡಿಮೆ, ಸಿಎಂಎ ಆದರೆ ಕೆಲಸ ಮಾಡುತ್ತಲೇ ಓದಬಹುದು.

ಹುಬ್ಬಳ್ಳಿ_ಗಾಳಿ

ಆ ಗಾದೆ ಕೇಳಿ ಕೇಳಿ ನಮ್ಮ ಕಡೆ ಎಷ್ಟೋ ಮಕ್ಕಳು ಓದುವುದನ್ನೇ ಬಿಟ್ಟರು. ಸಾಲ ಮಾಡದೆ ಓದು ಅಂದರೆ ದುಡ್ಡಿದ್ದವರ ಮಕ್ಕಳು ಮಾತ್ರ ಓದಲಿ ಅಂತ ಅರ್ಥ ಆಗುತ್ತದೆ ನೋಡ್ರಿ. ನಾನು ಸಾಲ ಮಾಡಿಯೇ ಎಂಬಿಎ ಮಾಡಿದೆ. ಮೊದಲ ಮೂರು ವರ್ಷ ಕಷ್ಟ ಆಯಿತು, ಹೌದು. ರೂಮಿನಲ್ಲಿ ನಾಲ್ಕು ಜನ ಇದ್ದೆವು. ಊರಿಗೆ ಹೋಗುವುದನ್ನೂ ಕಡಿಮೆ ಮಾಡಿದೆ. ಆದರೆ ಒಂದು ಗ್ರಾಹಕ ವಸ್ತುಗಳ ಕಂಪನಿಯಲ್ಲಿ ಮ್ಯಾನೇಜ್‌ಮೆಂಟ್ ಟ್ರೇನಿ ಆಗಿ ಸೇರಿದೆ. ಆ ಹುದ್ದೆಗೆ ಅವರು ಕ್ಯಾಂಪಸ್ ಬಿಟ್ಟು ಬೇರೆ ಕಡೆಯಿಂದ ತೆಗೆದುಕೊಳ್ಳುವುದೇ ಇಲ್ಲ. ಬಿ.ಕಾಂ. ಇಟ್ಟುಕೊಂಡು ಹತ್ತು ವರ್ಷ ದುಡಿದರೂ ಆ ಬಾಗಿಲು ನನಗೆ ತೆರೆಯುತ್ತಿರಲಿಲ್ಲ.

ಮೊದಲ ಸಂಬಳ ನೋಡಿ ಎಂಬಿಎ ಅಳೆಯಬೇಡಿ. ಐದನೇ ವರ್ಷದ ಸಂಬಳ ನೋಡಿ.

ಕಾವೇರಿ_ಎಚ್‌ಆರ್

ಹುಬ್ಬಳ್ಳಿಯವರ ಮಾತು ಸರಿ, ಆದರೆ ಅರ್ಧ. ಟ್ರೇನಿ ಹುದ್ದೆ ಕೊಡುವ ಕಂಪನಿಗಳು ಎಲ್ಲ ಕಾಲೇಜಿಗೂ ಬರುವುದಿಲ್ಲ. ನಮ್ಮಲ್ಲೂ ಕ್ಯಾಂಪಸ್‌ಗಳ ಪಟ್ಟಿ ಇದೆ. ಅದರಲ್ಲಿ ಇಲ್ಲದ ಕಾಲೇಜಿಗೆ ಹೋಗುವುದು ಸೇಲ್ಸ್ ಹುದ್ದೆಗೆ, ಅದೂ ಟಾರ್ಗೆಟ್ ಇರುವ ಸೇಲ್ಸ್. ಆ ಕೆಲಸಕ್ಕೆ ಬಿ.ಕಾಂ. ಹುಡುಗರನ್ನೂ ತೆಗೆದುಕೊಳ್ಳುತ್ತೇವೆ.

ತುಂಗಾತೀರ ಅವರೇ, ಕಾಲೇಜಿನ ಗೋಡೆ ಮೇಲಿನ ಕಂಪನಿ ಲೋಗೋಗಳನ್ನು ನೋಡಬೇಡಿ. ಕಳೆದ ವರ್ಷ ಯಾವ ಕಂಪನಿ, ಯಾವ ಹುದ್ದೆಗೆ, ಎಷ್ಟು ಜನರನ್ನು ತೆಗೆದುಕೊಂಡಿತು ಅಂತ ಕೇಳಿ. ಹತ್ತು ವರ್ಷದ ಹಿಂದೆ ಒಬ್ಬನನ್ನು ತೆಗೆದುಕೊಂಡ ಕಂಪನಿಯ ಲೋಗೋ ಇನ್ನೂ ಅಲ್ಲಿರುತ್ತದೆ.

ಕರಾವಳಿ_ಮೀನಾ

ಇನ್ನೊಂದು ಕೇಳಿ ಮಾರಾಯ್ರೆ. ಶೇ. 100 ಪ್ಲೇಸ್‌ಮೆಂಟ್ ಅಂದರೆ ಯಾರಲ್ಲಿ ಶೇ. 100? ನಮ್ಮ ಬ್ಯಾಚಿನಲ್ಲಿ ಹಾಜರಾತಿ ಕಡಿಮೆ ಇದ್ದವರನ್ನು, ಒಂದು ವಿಷಯ ಬಾಕಿ ಇದ್ದವರನ್ನು "ಅರ್ಹರಲ್ಲ" ಅಂತ ಪಟ್ಟಿಯಿಂದ ತೆಗೆದರು. ಕೆಲವರ ಕೈಯಿಂದ "ನನಗೆ ಪ್ಲೇಸ್‌ಮೆಂಟ್ ಬೇಡ" ಅಂತ ಬರೆಸಿಕೊಂಡರು. ಉಳಿದವರಲ್ಲಿ ಎಲ್ಲರಿಗೂ ಕೆಲಸ ಸಿಕ್ಕಿತು ಅಂತ ಪೇಪರಿನಲ್ಲಿ ಹಾಕಿಸಿದರು. ನನ್ನ ಪಕ್ಕದ ಬೆಂಚಿನವಳು ಡಿಗ್ರಿ ಮುಗಿಸಿ ಮನೆಗೆ ಹೋದಳು. ಅವಳು ಆ ಲೆಕ್ಕದಲ್ಲಿ ಇಲ್ಲವೇ ಇಲ್ಲ.

ಸುಮ್ನೆ_ಓದುಗ

ಇದಕ್ಕೆಲ್ಲ ನಿಯಮ ಇಲ್ವಾ?

ಲೆಕ್ಕದಪುಟ

ಐಐಎಂ ಅಹಮದಾಬಾದ್ ಮುಂದೆ ನಿಂತು ಐಪಿಆರ್‌ಎಸ್ ಅನ್ನುವ ವರದಿ ಮಾದರಿ ರೂಪಿಸಿತು. ಅದರಲ್ಲಿ ಖಚಿತ ಸಂಬಳ ಬೇರೆ, ವೇರಿಯಬಲ್ ಬೇರೆ ತೋರಿಸಬೇಕು. ಮೀಡಿಯನ್ ಕೊಡಬೇಕು. ಹೊರಗಿನವರಿಂದ ಆಡಿಟ್ ಆಗಬೇಕು. ಆದರೆ ಎಲ್ಲ ಕಾಲೇಜಿಗೂ ಅದು ಕಡ್ಡಾಯ ಅಲ್ಲ. ಒಪ್ಪಿಕೊಂಡವರು ಮಾತ್ರ ಪಾಲಿಸುತ್ತಾರೆ. ನೀವು ಸೇರುವ ಕಾಲೇಜಿನ ವರದಿ ಆಡಿಟ್ ಆಗಿದೆಯಾ ಅಂತ ಕೇಳುವುದಕ್ಕೆ ಖರ್ಚಿಲ್ಲ.

ಎನ್‌ಐಆರ್‌ಎಫ್‌ಗೆ (ಕೇಂದ್ರ ಸರ್ಕಾರದ ಕಾಲೇಜು ಶ್ರೇಯಾಂಕ) ಕಾಲೇಜುಗಳು ಕೊಡುವ ಮಾಹಿತಿಯಲ್ಲೂ ಮೀಡಿಯನ್ ಸಂಬಳದ ಕಾಲಂ ಇರುತ್ತದೆ. ಕಾಲೇಜಿನ ಜಾಲತಾಣದಲ್ಲಿ ಎನ್‌ಐಆರ್‌ಎಫ್ ಅಂತ ಒಂದು ಕೊಂಡಿ ಇರಬೇಕು, ಹುಡುಕಿ. ಪುಸ್ತಿಕೆಯ ಅಂಕಿ, ಅಲ್ಲಿನ ಅಂಕಿ ಪಕ್ಕಪಕ್ಕ ಇಟ್ಟು ನೋಡಿ.

ಶಾಖೆ_ಗುಮಾಸ್ತೆ

ನಾನು ಒಂದು ಸರ್ಕಾರಿ ಬ್ಯಾಂಕಿನಲ್ಲಿದ್ದೇನೆ. ಸಾಲದ ವಿಷಯ ಸ್ವಲ್ಪ ಹೇಳುತ್ತೇನೆ.

ಮೊದಲು ತೋಟದ ಮಾತು. ಬ್ಯಾಂಕಿನವರು ಬೇಡ ಅಂದಿದ್ದು ಸುಮ್ಮನೆ ಅಲ್ಲ. ಸಾಲ ವಸೂಲಿಯ ಸರ್ಫೇಸಿ ಕಾಯ್ದೆಯಡಿ ಕೃಷಿ ಜಮೀನನ್ನು ಬ್ಯಾಂಕ್ ವಶಪಡಿಸಿಕೊಳ್ಳಲು ಬರುವುದಿಲ್ಲ. ಹಾಗಾಗಿ ಶಿಕ್ಷಣ ಸಾಲಕ್ಕೆ ಅದನ್ನು ಅಡಮಾನವಾಗಿ ತೆಗೆದುಕೊಳ್ಳಲು ಶಾಖೆಗಳು ಹಿಂಜರಿಯುತ್ತವೆ. ಮನೆ, ಪರಿವರ್ತನೆಯಾದ ಸೈಟು, ಠೇವಣಿ ಆದರೆ ಒಪ್ಪುತ್ತವೆ.

7.5 ಲಕ್ಷದವರೆಗಿನ ಸಾಲಕ್ಕೆ ಕೇಂದ್ರದ ಸಾಲ ಖಾತರಿ ನಿಧಿ ಇದೆ. ಅದರಡಿ ಅಡಮಾನ ಕೇಳುವಂತಿಲ್ಲ, ಮೂರನೆಯವರ ಜಾಮೀನೂ ಬೇಡ. ಅಪ್ಪ ಅಥವಾ ಅಮ್ಮ ಸಹ ಸಾಲಗಾರರಾಗಿ ಸಹಿ ಹಾಕಬೇಕು, ಅಷ್ಟೇ. 7.5 ಲಕ್ಷ ದಾಟಿದರೆ ಸಾಮಾನ್ಯವಾಗಿ ಅಡಮಾನ ಬೇಕು. ನಿಮ್ಮ 11 ಲಕ್ಷ ಅಲ್ಲಿ ಸಿಕ್ಕಿಹಾಕಿಕೊಂಡಿದೆ.

ಈಗ ಒಂದು ಒಳಗಿನ ಮಾತು. ಐಐಎಂ ಬೆಂಗಳೂರಿನ ಎರಡು ವರ್ಷದ ಕೋರ್ಸಿಗೆ ಸುಮಾರು 25 ಲಕ್ಷ ಆಗುತ್ತದೆ. ಅದಕ್ಕೆ ಬ್ಯಾಂಕುಗಳು ಅಡಮಾನ ಇಲ್ಲದೆ ಸಾಲ ಕೊಡುತ್ತವೆ. ಸ್ಟೇಟ್ ಬ್ಯಾಂಕಿನ ಸ್ಕಾಲರ್ ಲೋನ್‌ಗೆ ಕಾಲೇಜುಗಳ ಪಟ್ಟಿಯೇ ಇದೆ. ಯಾಕೆ ಅಂದರೆ ಅಲ್ಲಿ ಓದಿದವರು ಸಾಲ ತೀರಿಸುತ್ತಾರೆ ಅನ್ನುವುದು ಬ್ಯಾಂಕಿಗೆ ಗೊತ್ತು. ನಿಮ್ಮ ಕಾಲೇಜು ಇಂಥ ಯಾವ ಬ್ಯಾಂಕಿನ ಪಟ್ಟಿಯಲ್ಲೂ ಇಲ್ಲ, ಅಡಮಾನ ಇಲ್ಲದೆ ಯಾವ ಬ್ಯಾಂಕೂ ಕೊಡುತ್ತಿಲ್ಲ ಅಂದರೆ ಅದನ್ನೂ ಒಂದು ಸುಳಿವು ಅಂತ ನೋಡಿ. ದುಡ್ಡು ಕೊಡುವವನಿಗೇ ನಂಬಿಕೆ ಇಲ್ಲದ ಕಡೆ ನೀವು ಯಾಕೆ ನಂಬಬೇಕು?

ಹುಬ್ಬಳ್ಳಿ_ಗಾಳಿ

ಇದು ಸ್ವಲ್ಪ ಹೆಚ್ಚಾಯಿತು. ಬ್ಯಾಂಕ್ ಪಟ್ಟಿಯಲ್ಲಿ ಇಲ್ಲದ ಎಷ್ಟೋ ಒಳ್ಳೆ ಕಾಲೇಜುಗಳಿವೆ. ನಾನು ಓದಿದ್ದೂ ಆ ಪಟ್ಟಿಯಲ್ಲಿರಲಿಲ್ಲ.

ಶಾಖೆ_ಗುಮಾಸ್ತೆ

ಇರಬಹುದು. ತೀರ್ಪು ಅಂತ ಹೇಳಲಿಲ್ಲ, ಸುಳಿವು ಅಂದೆ. ಆದರೆ ಶೇ. 13ರ ಸಾಲದ ಮುಂದೆ ಆ ಸುಳಿವಿಗೆ ಬೆಲೆ ಕೊಡಬೇಕು. ಕಂತು ನಿಂತು 90 ದಿನ ದಾಟಿದರೆ ಸಾಲ ಎನ್‌ಪಿಎ, ಅಂದರೆ ವಸೂಲಾಗದ ಸಾಲ. ಹುಡುಗನ ಸಿಬಿಲ್ (ಸಾಲ ತೀರಿಸಿದ ದಾಖಲೆಯ ಅಂಕ) ಮಾತ್ರ ಅಲ್ಲ, ಅಪ್ಪನದ್ದೂ ಹಾಳು. ಆಮೇಲೆ ಅಪ್ಪನಿಗೆ ಬೆಳೆ ಸಾಲ ಸಿಗುವುದೂ ಕಷ್ಟ. ಅಂಥವರು ನನ್ನ ಟೇಬಲ್ ಮುಂದೆ ಬಂದು ಕೂತಿದ್ದಾರೆ. ಅವರ ಮುಖ ನೋಡುವುದು ಸುಲಭ ಅಲ್ಲ.

ಜಯನಗರ_4

ಯಾರೂ ಆದಾಯ ತೆರಿಗೆಯ 80ಇ ಬಗ್ಗೆ ಹೇಳಲಿಲ್ಲವಲ್ಲ. ಶಿಕ್ಷಣ ಸಾಲದ ಬಡ್ಡಿಗೆ ಪೂರ್ತಿ ತೆರಿಗೆ ವಿನಾಯಿತಿ ಇದೆ, ಮಿತಿಯೇ ಇಲ್ಲ. ಅದನ್ನು ಕಳೆದರೆ ಸಾಲ ಅಷ್ಟೇನೂ ಭಾರ ಅಲ್ಲ.

ಲೆಕ್ಕದಪುಟ

ಇದನ್ನು ತಿದ್ದಬೇಕು. 80ಇ ಬಡ್ಡಿಗೆ ಮಾತ್ರ, ಅಸಲಿಗೆ ಇಲ್ಲ. ಎಂಟು ವರ್ಷದವರೆಗೆ. ಅದೂ ಹಳೆ ತೆರಿಗೆ ಪದ್ಧತಿಯಲ್ಲಿ ಮಾತ್ರ. ಹೊಸ ಪದ್ಧತಿಯಲ್ಲಿ 2025–26ರಿಂದ ಸಂಬಳದವರಿಗೆ 12.75 ಲಕ್ಷದವರೆಗೆ ತೆರಿಗೆಯೇ ಬರುವುದಿಲ್ಲ. 6 ಲಕ್ಷ, 8 ಲಕ್ಷದ ಕೆಲಸ ಸಿಕ್ಕವನಿಗೆ ಕಟ್ಟಲು ತೆರಿಗೆಯೇ ಇಲ್ಲದಿದ್ದಾಗ ಉಳಿಸುವುದು ಏನನ್ನು? 80ಇ ಲಾಭ ಆಗುವುದು ದೊಡ್ಡ ಸಂಬಳ, ದೊಡ್ಡ ಸಾಲ ಎರಡೂ ಇದ್ದವರಿಗೆ.

ಜಯನಗರ_4

ಓಹೋ, ಹೊಸ ಪದ್ಧತಿಯಲ್ಲಿ ಇಲ್ವಾ? ಸರಿ.

ಮೈಸೂರು_ಅಮ್ಮ

ನನ್ನ ಮಗಳಿಗೆ ಪಿಎಂ ವಿದ್ಯಾಲಕ್ಷ್ಮಿ ಅಂತ ಒಂದು ಯೋಜನೆ ಹೇಳಿದರು. ಎಷ್ಟು ಬೇಕಾದರೂ ಅಡಮಾನ ಇಲ್ಲದೆ ಸಿಗುತ್ತದಂತೆ. ಇವರಿಗೂ ಆಗಬಹುದಲ್ಲ?

ಶಾಖೆ_ಗುಮಾಸ್ತೆ

ಕಾಲೇಜು ಪಟ್ಟಿಯಲ್ಲಿದ್ದರೆ ಆಗುತ್ತದೆ ಅಮ್ಮ. 2024ರ ನವೆಂಬರಿನಲ್ಲಿ ಕೇಂದ್ರ ಸಂಪುಟ ಒಪ್ಪಿದ ಯೋಜನೆ ಅದು. ಎನ್‌ಐಆರ್‌ಎಫ್ ಶ್ರೇಯಾಂಕದಲ್ಲಿ ಮೇಲಿರುವ ಸಂಸ್ಥೆಗಳಿಗೆ ಮಾತ್ರ. ಶುರುವಿನಲ್ಲಿ ದೇಶದಲ್ಲಿ 860 ಸಂಸ್ಥೆಗಳಿದ್ದವು. ಅಲ್ಲಿ ಸೀಟು ಸಿಕ್ಕರೆ ಅಡಮಾನ, ಜಾಮೀನು ಎರಡೂ ಬೇಡ. ಕುಟುಂಬದ ಆದಾಯ ವರ್ಷಕ್ಕೆ 8 ಲಕ್ಷದೊಳಗಿದ್ದರೆ 10 ಲಕ್ಷದವರೆಗಿನ ಸಾಲಕ್ಕೆ ಓದುವ ಅವಧಿಯಲ್ಲಿ ಶೇ. 3ರಷ್ಟು ಬಡ್ಡಿ ನೆರವು ಸಿಗಬಹುದು. ಅದಕ್ಕೂ ವರ್ಷಕ್ಕೆ ಒಂದು ಲಕ್ಷ ವಿದ್ಯಾರ್ಥಿಗಳ ಮಿತಿ ಇದೆ.

ಆದಾಯ 4.5 ಲಕ್ಷದೊಳಗಿದ್ದವರಿಗೆ ಹಳೆಯ ಬಡ್ಡಿ ಸಹಾಯಧನ ಯೋಜನೆಯೂ ಇದೆ. ವೃತ್ತಿಪರ ಕೋರ್ಸ್ ಆಗಿರಬೇಕು, ಗುಣಮಟ್ಟ ಅಳೆಯುವ ನ್ಯಾಕ್ ಅಥವಾ ಎನ್‌ಬಿಎ ಮಾನ್ಯತೆ ಇರಬೇಕು. ಅರ್ಹತೆ ಇದ್ದರೆ ಓದುವ ಅವಧಿ ಮತ್ತು ನಂತರದ ಒಂದು ವರ್ಷದ ಬಡ್ಡಿಯನ್ನು ಸರ್ಕಾರವೇ ಕಟ್ಟುತ್ತದೆ. ತುಂಗಾತೀರ ಅವರು ನಾಡಕಚೇರಿಯಿಂದ ಆದಾಯ ಪ್ರಮಾಣಪತ್ರ ಈಗಲೇ ಮಾಡಿಸಿಡಲಿ. ಎಷ್ಟೋ ಜನ ಈ ಒಂದು ಕಾಗದ ಇಲ್ಲದೆ ಸಾವಿರಗಟ್ಟಲೆ ಕಳೆದುಕೊಳ್ಳುತ್ತಾರೆ.

ತುಂಗಾತೀರ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಪಿಎಂ ವಿದ್ಯಾಲಕ್ಷ್ಮಿ ಪಟ್ಟಿ ನೋಡಿದೆ, ಕಾಲೇಜು ಇಲ್ಲ. ಎನ್‌ಐಆರ್‌ಎಫ್ ಕೊಂಡಿಯೂ ಅವರ ಜಾಲತಾಣದಲ್ಲಿ ಸಿಗಲಿಲ್ಲ. ಮೀಡಿಯನ್ ಎಷ್ಟು ಅಂತ ಕೇಳಿದ್ದಕ್ಕೆ "ನೀವು ಅಷ್ಟೆಲ್ಲ ಯೋಚನೆ ಮಾಡಬೇಡಿ, ಶುಕ್ರವಾರದೊಳಗೆ ಫೀಸ್ ಕಟ್ಟಿ, ಸೀಟು ಹೋಗುತ್ತದೆ" ಅಂದರು. ಮುಂಗಡ 50 ಸಾವಿರ ಈಗಾಗಲೇ ಕಟ್ಟಿಬಿಟ್ಟಿದ್ದೇವೆ. ಅದು ಹೋಗುತ್ತಾ ಅಂತ ಅಪ್ಪನಿಗೆ ಚಿಂತೆ.

ಫೈನಾನ್ಸ್ ಕಂಪನಿಯವರು ಇವತ್ತು ಇನ್ನೊಂದು ಹೇಳಿದರು. ಓದುವಾಗಲೂ ತಿಂಗಳ ಬಡ್ಡಿ ಕಟ್ಟಬೇಕಂತೆ.

ಲೆಕ್ಕದಪುಟ

ಪೂರ್ತಿ 11 ಲಕ್ಷ ಬಿಡುಗಡೆಯಾದ ಮೇಲೆ ಶೇ. 13ರಲ್ಲಿ ತಿಂಗಳ ಬಡ್ಡಿ 11,900 ರೂಪಾಯಿಯ ಮೇಲೆ. ನಿಮಗೆ ಸಂಬಳ ಇಲ್ಲದ ಹೊತ್ತಿನಲ್ಲಿ ಅಪ್ಪ ಕಟ್ಟಬೇಕು. ಅಡಿಕೆ ದುಡ್ಡು ತಿಂಗಳು ತಿಂಗಳು ಬರುವುದಿಲ್ಲ.

ಕರಾವಳಿ_ಮೀನಾ

ಮುಂಗಡ ಹೋಗುವುದಿಲ್ಲ! ಎಐಸಿಟಿಇ (ತಾಂತ್ರಿಕ, ಮ್ಯಾನೇಜ್‌ಮೆಂಟ್ ಕೋರ್ಸುಗಳನ್ನು ನಿಯಂತ್ರಿಸುವ ಕೇಂದ್ರ ಸಂಸ್ಥೆ) ನಿಯಮ ಇದೆ. ಕೋರ್ಸ್ ಶುರುವಾಗುವ ಮೊದಲೇ ಸೀಟು ಬಿಟ್ಟರೆ 1,000 ರೂಪಾಯಿ ಮೀರದಂತೆ ಹಿಡಿದುಕೊಂಡು ಉಳಿದದ್ದು ವಾಪಸ್ ಕೊಡಬೇಕು. ಮೂಲ ಅಂಕಪಟ್ಟಿ ಇಟ್ಟುಕೊಳ್ಳುವಂತೆಯೂ ಇಲ್ಲ. ಫೋನಿನಲ್ಲಿ ಕೇಳಬೇಡಿ, ಇಮೇಲ್ ಮಾಡಿ. ಲಿಖಿತವಾಗಿ ಕೇಳಿದರೆ ಉತ್ತರದ ಧಾಟಿಯೇ ಬದಲಾಗುತ್ತದೆ. ಕೊಡದಿದ್ದರೆ ಎಐಸಿಟಿಇಗೆ ದೂರು ಕೊಡಿ.

50 ಸಾವಿರ ಹೋಗುತ್ತದೆ ಅನ್ನುವ ಭಯಕ್ಕೆ 11 ಲಕ್ಷ ಸುರಿದವರನ್ನು ನಾನು ನೋಡಿದ್ದೇನೆ. ಮುಂಗಡ ಕಟ್ಟಿಸಿಕೊಳ್ಳುವುದೇ ಆ ಭಯಕ್ಕಾಗಿ.

ಬೆಳಗು_ಬಳ್ಳಾರಿ

ಒಂದು ಮಾತು ಹೇಳಲೇಬೇಕು ಅನಿಸಿತು. ಇದುವರೆಗೆ ಸುಮ್ಮನೆ ಓದುತ್ತಿದ್ದೆ.

ನಾನು 9 ಲಕ್ಷ ಸಾಲ ಮಾಡಿ ಎಂಬಿಎ ಮುಗಿಸಿದೆ. ಕ್ಯಾಂಪಸ್‌ನಲ್ಲಿ ಸಿಕ್ಕಿದ್ದು ಒಂದು ಹಣಕಾಸು ಕಂಪನಿಯ ಸೇಲ್ಸ್ ಕೆಲಸ. ಬೆಳಿಗ್ಗೆ ಎಂಟಕ್ಕೆ ಟಾರ್ಗೆಟ್ ಕರೆ, ರಾತ್ರಿ ಒಂಬತ್ತಕ್ಕೆ ಇನ್ನೊಂದು. ಆರೋಗ್ಯ ಕೆಟ್ಟು ಬಿಟ್ಟೆ. ಅಷ್ಟರಲ್ಲಿ ಕಂತು ಶುರುವಾಯಿತು. ಅಪ್ಪ ನಿವೃತ್ತಿ ಪಿಂಚಣಿಯಿಂದ ಕಟ್ಟಿದರು. ನನಗೆ ಬೇರೆ ಕೆಲಸ ಸಿಗುವವರೆಗೆ ಒಂದು ಕಂತೂ ತಪ್ಪಿಸಲಿಲ್ಲ. ಒಂದು ದಿನವೂ ನನ್ನನ್ನು ಏನೂ ಅನ್ನಲಿಲ್ಲ. ಈಗ ನಾನು ಚೆನ್ನಾಗಿದ್ದೇನೆ. ಡೇಟಾ ಕೆಲಸಕ್ಕೆ ಬಂದೆ, ಸಂಬಳ ಒಳ್ಳೆಯದಿದೆ, ಸಾಲ ಮುಗಿಯುತ್ತಾ ಬಂದಿದೆ. ಎಂಬಿಎ ಉಪಯೋಗ ಆಗಿದೆ, ಅದನ್ನು ಇಲ್ಲ ಅನ್ನುವುದಿಲ್ಲ.

ಆದರೆ ಲೆಕ್ಕ ಹಾಕುವಾಗ ಕೆಲಸ ಸಿಗುವ ಲೆಕ್ಕ ಮಾತ್ರ ಹಾಕುತ್ತೇವೆ. ಸಿಕ್ಕ ಕೆಲಸ ಮಾಡಲು ಆಗದಿದ್ದರೆ? ಮನೆಯಲ್ಲಿ ಯಾರಾದರೂ ಕಾಯಿಲೆ ಬಿದ್ದರೆ? ಸಾಲ ಇದ್ದವನಿಗೆ ಕೆಟ್ಟ ಕೆಲಸ ಬಿಡುವ ಸ್ವಾತಂತ್ರ್ಯ ಇರುವುದಿಲ್ಲ. ಕೊನೇ ಪಕ್ಷ ಆರು ತಿಂಗಳ ಕಂತಿನ ದುಡ್ಡು ಪಕ್ಕಕ್ಕೆ ಇಟ್ಟುಕೊಳ್ಳದೆ ಇದಕ್ಕೆ ಇಳಿಯಬೇಡಿ ಅಣ್ಣ.

ಮೈಸೂರು_ಅಮ್ಮ

ನಿಮ್ಮ ಅಪ್ಪನಿಗೆ ನನ್ನ ನಮಸ್ಕಾರ ಹೇಳಮ್ಮ.

ಮಲ್ಲೇಶ್ವರಂ_ಮಾತು

ಸಾಲದ ಜೊತೆ ಬ್ಯಾಂಕಿನವರು ವಿಮೆ ಬೇರೆ ಕಟ್ಟಿಸುತ್ತಾರೆ. ಅದು ಶುದ್ಧ ಸುಲಿಗೆ.

ಶಾಖೆ_ಗುಮಾಸ್ತೆ

ಒಪ್ಪುವುದಿಲ್ಲ. ಕಟ್ಟಿಸಲೇಬೇಕು ಅಂತ ಒತ್ತಾಯ ಮಾಡುವುದು ತಪ್ಪು. ಆದರೆ ವಿಮೆಯೇ ಬೇಡ ಅನ್ನುವುದು ಇನ್ನೂ ದೊಡ್ಡ ತಪ್ಪು. ಹುಡುಗನಿಗೆ ಏನಾದರೂ ಆದರೆ ಸಾಲ ಅಪ್ಪನ ಹೆಗಲ ಮೇಲೆ ಉಳಿಯುತ್ತದೆ, ಅವರೂ ಸಹಿ ಹಾಕಿರುತ್ತಾರೆ. ಬ್ಯಾಂಕ್ ಹೇಳಿದ ಪಾಲಿಸಿಯನ್ನೇ ತೆಗೆದುಕೊಳ್ಳಬೇಕಿಲ್ಲ. ಹೊರಗೆ ಒಂದು ಟರ್ಮ್ ಪಾಲಿಸಿ ವಿಚಾರಿಸಿ, ಆ ವಯಸ್ಸಿಗೆ ಪ್ರೀಮಿಯಂ ಕಡಿಮೆ.

ಹೊಸಪೇಟೆ_ಹುಡುಗಿ

ವಿಷಯ ಬೇರೆ, ಆದರೂ ಕೇಳುತ್ತೇನೆ. ಕೆಲಸ ಬಿಡದೆ ಆನ್‌ಲೈನ್ ಎಂಬಿಎ ಮಾಡಿದರೆ ಹೇಗೆ? ಯುಜಿಸಿ ಮಾನ್ಯತೆ ಇರುವ ಕಡೆ.

ಕಾವೇರಿ_ಎಚ್‌ಆರ್

ಮಾನ್ಯತೆ ಇರುವ ಸಂಸ್ಥೆಯ ಆನ್‌ಲೈನ್ ಪದವಿಯೂ ರೆಗ್ಯುಲರ್ ಪದವಿಗೆ ಸಮ ಅಂತ 2022ರಲ್ಲಿ ಯುಜಿಸಿ ಸ್ಪಷ್ಟವಾಗಿ ಹೇಳಿದೆ. ಈಗಿರುವ ಕಂಪನಿಯಲ್ಲಿ ಬಡ್ತಿಗೆ ಡಿಗ್ರಿ ಬೇಕು ಅಂದರೆ ಒಳ್ಳೆಯದು. ಆದರೆ ಕ್ಯಾಂಪಸ್ ನೇಮಕಾತಿ ಅದರಲ್ಲಿ ಸಿಗುವುದಿಲ್ಲ. ರೆಗ್ಯುಲರ್ ಎಂಬಿಎಗೆ ಜನ ದುಡ್ಡು ಕೊಡುವುದು ಹೆಚ್ಚಾಗಿ ಅದಕ್ಕೇ.

ಹುಬ್ಬಳ್ಳಿ_ಗಾಳಿ

ಓದಿಗೂ ಬೆಲೆ ಇದೆ ಮೇಡಂ. ಬರೀ ಕ್ಯಾಂಪಸ್ ಅಂತ ಯಾಕೆ ಹೇಳುತ್ತೀರಿ? ನಾನು ಎಂಬಿಎಗೆ ಹೋಗುವ ಮೊದಲು ನಾಲ್ಕು ಜನರ ಮುಂದೆ ನಿಂತು ಮಾತಾಡುವುದಕ್ಕೆ ನಡುಗುತ್ತಿದ್ದೆ. ಕನ್ನಡ ಮಾಧ್ಯಮದಿಂದ ಬಂದವನು. ಅಲ್ಲಿ ಕಲಿತ ಧೈರ್ಯಕ್ಕೆ ಯಾವ ಪಟ್ಟಿಯಲ್ಲೂ ಕಾಲಂ ಇಲ್ಲ.

ಕಾವೇರಿ_ಎಚ್‌ಆರ್

ಅದನ್ನು ಒಪ್ಪುತ್ತೇನೆ. ಹಾಗಾದರೆ ಅದು ಕಡಿಮೆ ಫೀಸಿನಲ್ಲೂ ಸಿಗಬೇಕಲ್ಲ. ದೆಹಲಿ ವಿಶ್ವವಿದ್ಯಾಲಯದ ಮ್ಯಾನೇಜ್‌ಮೆಂಟ್ ವಿಭಾಗ ಎಫ್‌ಎಂಎಸ್ ನೋಡಿ. ಎರಡು ವರ್ಷದ ಫೀಸ್ ಕೆಲವೇ ಲಕ್ಷ, ಪ್ಲೇಸ್‌ಮೆಂಟ್ ದೊಡ್ಡ ಐಐಎಂಗಳ ಸಾಲಿನಲ್ಲಿ. ಐಐಎಂಗಳ ಪ್ರವೇಶ ಪರೀಕ್ಷೆ ಕ್ಯಾಟ್ ಬರೆದೇ ಹೋಗಬೇಕು, ಬಹಳ ಕಷ್ಟ, ನಿಜ. ಆದರೆ ಫೀಸ್ ಹೆಚ್ಚು ಅಂದ ಮಾತ್ರಕ್ಕೆ ಕೆಲಸ ದೊಡ್ಡದು ಅನ್ನುವುದು ಸುಳ್ಳು ಅಂತ ತೋರಿಸುವುದಕ್ಕೆ ಅದೊಂದೇ ಸಾಕು.

ತುಂಗಾತೀರ ಅವರೇ, ನಿಮಗೆ ಕೆಲಸದ ಅನುಭವ ಇದೆ. ಅದು ನಿಮ್ಮ ಬಲ. ನಾವು ಕ್ಯಾಂಪಸ್‌ಗೆ ಹೋದಾಗ ಅಕೌಂಟ್ಸ್‌ನಲ್ಲಿ ಕೈ ಪಳಗಿದವರನ್ನು ಫೈನಾನ್ಸ್ ಹುದ್ದೆಗೆ ಮೊದಲು ನೋಡುತ್ತೇವೆ. ಯಾವ ಕಾಲೇಜಿಗೆ ಹೋದರೂ ಫೈನಾನ್ಸ್ ತೆಗೆದುಕೊಳ್ಳಿ. ಆ ಕಾಲೇಜಿನಲ್ಲಿ ನಿಮ್ಮ ಹಾಗೆ ಬಿ.ಕಾಂ. ಮತ್ತು ಅನುಭವ ಇಟ್ಟುಕೊಂಡು ಬಂದವರು ಏನಾದರು ಅಂತ ಹುಡುಕಿ. 21 ಲಕ್ಷ ಸಿಕ್ಕವನು ದೊಡ್ಡ ಐಟಿ ಕಂಪನಿಯಲ್ಲಿ ಐದು ವರ್ಷ ದುಡಿದ ಎಂಜಿನಿಯರ್ ಆಗಿದ್ದರೆ ಆ ಅಂಕಿಗೂ ನಿಮಗೂ ಸಂಬಂಧ ಇಲ್ಲ.

ಜಯನಗರ_4

ಲಿಂಕ್ಡ್‌ಇನ್‌ನಲ್ಲಿ ಕಾಲೇಜಿನ ಹೆಸರು, ಪಾಸಾದ ವರ್ಷ ಹಾಕಿ ಹುಡುಕಿದರೆ ಸಿಗುತ್ತಾರೆ. ಮೂರು ವರ್ಷದ ಹಿಂದೆ ಮುಗಿಸಿದವರಿಗೆ ಮೆಸೇಜ್ ಮಾಡಿ. ಹೊಸದಾಗಿ ಸೇರಿದವರು ನಿಜ ಹೇಳಲು ಹೆದರುತ್ತಾರೆ.

ತುಂಗಾತೀರ

ಹಾಗೇ ಮಾಡಿದೆ. ಕೆಲವು ಸೀನಿಯರ್‌ಗಳು ಉತ್ತರ ಕೊಟ್ಟರು. ಬಿ.ಕಾಂ. ಹಿನ್ನೆಲೆಯವರಲ್ಲಿ ಹೆಚ್ಚಿನವರು 5ರಿಂದ 6.5 ಲಕ್ಷದೊಳಗೆ ಸೇರಿದ್ದು. ಒಬ್ಬರು ಮಾತ್ರ 9 ದಾಟಿದ್ದಾರೆ, ಅವರಿಗೆ ಮೊದಲೇ ಸಿಎ ಇಂಟರ್ ಆಗಿತ್ತು. ಒಬ್ಬರಂತೂ ನೇರವಾಗಿ "ನನ್ನ ಕಂತು 19 ಸಾವಿರ, ತಮ್ಮನ ಫೀಸ್ ಕಟ್ಟಲು ಆಗುತ್ತಿಲ್ಲ" ಅಂದರು. ಆಮೇಲೆ ಅಪ್ಪನ ಜೊತೆ ಕೂತು ಇಲ್ಲಿನ ಲೆಕ್ಕ ಓದಿ ಹೇಳಿದೆ. 21.8 ಲಕ್ಷ ಅಂದಾಗ ಅಪ್ಪ ಮತ್ತೊಮ್ಮೆ ಓದು ಅಂದರು.

ಆ ಕಾಲೇಜು ಬಿಡುವುದು ಅಂತ ಆಯಿತು. ಹಣ ವಾಪಸ್ ಕೇಳಿ ಇಮೇಲ್ ಕಳಿಸಿದ್ದೇನೆ. ಈಗ ಉಳಿದಿರುವುದು ಎರಡು ದಾರಿ. ಪಿಜಿಸಿಇಟಿ ಕೌನ್ಸೆಲಿಂಗ್‌ನಲ್ಲಿ ಸಿಗುವ ಸರ್ಕಾರಿ ಸೀಟು, ಇಲ್ಲ ಒಂದು ವರ್ಷ ಕೆಲಸದಲ್ಲೇ ಇದ್ದು ಕ್ಯಾಟ್.

ಹುಬ್ಬಳ್ಳಿ_ಗಾಳಿ

ನನ್ನ ಮತ ಕ್ಯಾಟ್‌ಗೆ. ಒಂದು ವರ್ಷ ದೊಡ್ಡ ವಿಷಯ ಅಲ್ಲ. ಸಂಬಳವೂ ಬರುತ್ತಿರುತ್ತದೆ, ಅದರಲ್ಲಿ ಸ್ವಲ್ಪ ಉಳಿಸಿಡಿ.

ಬೆಳಗು_ಬಳ್ಳಾರಿ

ನನ್ನದು ಸರ್ಕಾರಿ ಸೀಟಿಗೆ. ಸಾಲ ಸಣ್ಣದಾದರೆ ಮೊದಲ ಕೆಲಸ ಇಷ್ಟ ಆಗದಿದ್ದರೂ ಬದಲಿಸುವ ಧೈರ್ಯ ಇರುತ್ತದೆ.

ಲೆಕ್ಕದಪುಟ

ಸೀಟು ಹಂಚಿಕೆ ಬರಲಿ, ಬಿಡಬೇಡಿ. ಆ ವಿಭಾಗದ ಹಳೆ ವಿದ್ಯಾರ್ಥಿಗಳನ್ನೂ ಇದೇ ಪ್ರಶ್ನೆ ಕೇಳಿ. ಫೀಸ್ ಕಡಿಮೆ ಅಂತ ಸುಮ್ಮನೆ ಸೇರಬೇಡಿ, ಎರಡು ವರ್ಷದ ಸಂಬಳ ಅಲ್ಲೂ ಹೋಗುತ್ತದೆ. 5 ಲಕ್ಷದ ಕೆಲಸ ಸಿಕ್ಕರೂ ಕಂತು ಮೂರು ನಾಲ್ಕು ಸಾವಿರದೊಳಗೆ ಇದ್ದರೆ ಲೆಕ್ಕ ಕೂಡುತ್ತದೆ.

ಶಾಖೆ_ಗುಮಾಸ್ತೆ

ಸರ್ಕಾರಿ ಸೀಟು ಆದರೆ ಸಾಲ 4 ಲಕ್ಷದೊಳಗೇ ಮುಗಿಯುತ್ತದೆ. ಅದಕ್ಕೆ ಅಡಮಾನ ಇಲ್ಲ, ಜಾಮೀನು ಇಲ್ಲ, ಮಾರ್ಜಿನ್ ಹಣವೂ (ನೀವು ಕೈಯಿಂದ ಹಾಕಬೇಕಾದ ಪಾಲು) ಇಲ್ಲ. ಅಪ್ಪನ ಖಾತೆ ಇರುವ ಊರಿನ ಶಾಖೆಗೇ ಹೋಗಿ. ಜೊತೆಗೆ ವಿದ್ಯಾಲಕ್ಷ್ಮಿ ಪೋರ್ಟಲ್‌ನಲ್ಲೂ ಅರ್ಜಿ ಹಾಕಿ, ಆಗ ಅರ್ಜಿ ಎಲ್ಲಿದೆ ಅಂತ ಗೊತ್ತಾಗುತ್ತದೆ. ಸೀಟು ಹಂಚಿಕೆ ಪತ್ರ, ಫೀಸ್ ವಿವರ, ಅಂಕಪಟ್ಟಿ, ಆದಾಯ ಪ್ರಮಾಣಪತ್ರ, ಇಬ್ಬರ ಆಧಾರ್, ಪ್ಯಾನ್ ತೆಗೆದುಕೊಂಡು ಹೋಗಿ. ಸಾಲ ಕೊಡುವುದಿಲ್ಲ ಅಂದರೆ ಕಾರಣ ಬರೆದು ಕೊಡಿ ಅಂತ ಕೇಳಿ. ಓದುವಾಗ ಆಗಾಗ ಬಡ್ಡಿ ಕಟ್ಟುತ್ತಾ ಬಂದರೆ ಹಲವು ಬ್ಯಾಂಕುಗಳು ಶೇ. 1ರವರೆಗೆ ಬಡ್ಡಿ ಇಳಿಸುತ್ತವೆ. ಅರ್ಜಿ ಹಾಕುವ ದಿನವೇ ಅದನ್ನು ಕೇಳಿ ಮಂಜೂರಾತಿ ಪತ್ರದಲ್ಲಿ ಬರೆಸಿಕೊಳ್ಳಿ.

ತುಂಗಾತೀರ

ಸರಿ ಸರ್. ಆದಾಯ ಪ್ರಮಾಣಪತ್ರಕ್ಕೆ ಅಪ್ಪ ನಾಳೆ ನಾಡಕಚೇರಿಗೆ ಹೋಗುತ್ತಾರೆ. ಹಣ ವಾಪಸ್ ಬಂತಾ ಇಲ್ವಾ ಅಂತ ಇಲ್ಲೇ ತಿಳಿಸುತ್ತೇನೆ.

ಹೊಸಪೇಟೆ_ಹುಡುಗಿ

ತಿಳಿಸಿ ಅಣ್ಣ, ನಾನೂ ಬೇರೆ ಕಾಲೇಜಿಗೆ ಮುಂಗಡ ಕಟ್ಟಿದ್ದೇನೆ. ಆ ಎಐಸಿಟಿಇ ನಿಯಮ ಪಿಜಿಡಿಎಂಗೂ (ಎಂಬಿಎ ತರಹದ ಡಿಪ್ಲೊಮಾ) ಅನ್ವಯಿಸುತ್ತಾ?

ಕರಾವಳಿ_ಮೀನಾ

ಎಐಸಿಟಿಇ ಅನುಮತಿ ಪಡೆದ ಪಿಜಿಡಿಎಂ ಆದರೆ ಹೌದು. ಎಐಸಿಟಿಇ ಜಾಲತಾಣದ ಪಟ್ಟಿಯಲ್ಲಿ ನಿಮ್ಮ ಕಾಲೇಜು, ನಿಮ್ಮ ಕೋರ್ಸ್ ಎರಡೂ ಇದೆಯಾ ಅಂತ ಇವತ್ತೇ ನೋಡಿ. ತರಗತಿ ಯಾವತ್ತಿನಿಂದ ಶುರು?

ಹೊಸಪೇಟೆ_ಹುಡುಗಿ

ಮುಂದಿನ ಸೋಮವಾರ.

ಕರಾವಳಿ_ಮೀನಾ

ಹಾಗಾದರೆ ಬಿಡುವ ಮನಸ್ಸಿದ್ದರೆ ಅದಕ್ಕೆ ಮೊದಲೇ ಇಮೇಲ್ ಹೋಗಬೇಕು. ಶುರುವಾದ ಮೇಲೆ ಕಡಿತ ಜಾಸ್ತಿ ಆಗುತ್ತದೆ.